ಮೀಟರಿನ ಮುಳ್ಳು

ಹಳೇ ಬೈಕಿನ ಸೀಟಿನ ಕೆಳಗಿಂದ ಹೊಗೆ ಎದ್ದಾಗ ಮೆಕ್ಯಾನಿಕ್ಕನ ಮಗಳು ಚಹಾದ ಲೋಟ ಹಿಡಿದು ಗ್ಯಾರೇಜಿನ ಬಾಗಿಲಲ್ಲಿದ್ದಳು. ಗಾಡಿಯ ಮಾಲೀಕರಾದ ಮೇಷ್ಟ್ರು ಗಾಬರಿಯಿಂದ ಕೆಳಗೆ ಹಾರಿದರು. ಅವಳು ಲೋಟ ನೆಲಕ್ಕಿಟ್ಟು ಓಡಿಬಂದು ಬ್ಯಾಟರಿಯ ವೈರು ಕಿತ್ತಳು. ಕೀಳುವಾಗಲೇ ಕಂಡಿತು, ವೈರುಗಳು ಉಲ್ಟಾ ಇದ್ದವು.

ಕೆಲವು ತಿಂಗಳಿಂದ ಅವಳ ಗುಟ್ಟಿನ ಕೆಲಸವೇ ಇದಾಗಿತ್ತು. ಅಪ್ಪ ಊಟಕ್ಕೆ ಎದ್ದ ಮೇಲೆ ಅವನು ಮುಟ್ಟಿದ ಗಾಡಿಗಳನ್ನೆಲ್ಲ ಬಿಚ್ಚಿ ನೋಡುವುದು, ತಪ್ಪಿದ್ದನ್ನು ಸರಿಮಾಡಿ ಏನೂ ಅರಿಯದವಳಂತೆ ಸ್ಪ್ಯಾನರು ಒರೆಸುತ್ತ ಕೂರುವುದು. ಹಳೇ ಗಾಡಿ ಇಟ್ಟುಕೊಂಡವರೆಲ್ಲ ಅಪ್ಪನನ್ನು 'ಡೈನಮೋ ಡಾಕ್ಟರ್' ಎನ್ನುತ್ತಿದ್ದರು. ಆ ಹೆಸರು ಅವನಿಗೆ ಎಷ್ಟು ಇಷ್ಟವೆಂದರೆ, ಹಾಗೆ ಕರೆದಾಗೆಲ್ಲ ಸಿಟ್ಟು ಬಂದವನಂತೆ ನಟಿಸುತ್ತಿದ್ದ. ಅದೊಂದು ಉಳಿದರೆ ಸಾಕೆಂದು ಅವಳು ಒದ್ದಾಡುತ್ತಿದ್ದಳು. ಇವತ್ತು ಮೇಷ್ಟ್ರು ಹೇಳಿದ್ದಕ್ಕಿಂತ ಮುಂಚೆ ಬಂದು ಕಿಕ್ ಹೊಡೆದುಬಿಟ್ಟಿದ್ದರು.

"ಯಾರ್ರೀ ಇದನ್ನ ಕಟ್ಟಿದ್ದು?" ಮೇಷ್ಟ್ರು ಕೆಮ್ಮುತ್ತ ಕೇಳಿದರು.

ಅಪ್ಪ ಅವಳ ಕಡೆ ತಿರುಗಿದ. "ನೀನೇ ತಾನೆ?"

"ಹೂಂ, ನಾನೇ," ಎಂದಳು.

ಅಪ್ಪನ ದನಿ ಇಡೀ ಬೀದಿಗೆ ಕೇಳಿತು. "ತಲೇಲಿ ಮಣ್ಣು ತುಂಬ್ಕೊಂಡಿದೀಯಾ? ಈಗಿನ ಗಾಡಿಗಳಲ್ಲಿ ಫ್ರೇಮಿಗೆ ಮೈನಸ್ಸು, ಇದಕ್ಕೆ ಪ್ಲಸ್ಸು! ಎಷ್ಟು ಸಲ ಬಡ್ಕೊಂಡಿದೀನಿ! ಇಂಜಿನ್ನು ಡೈನಮೋ ತಿರುಗಿಸುತ್ತೆ, ಡೈನಮೋ ಬ್ಯಾಟರಿ ತುಂಬಿಸುತ್ತೆ. ತುಂಬಿದ್ದು ವಾಪಸ್ ಹರಿದು ಹೋಗದ ಹಾಗೆ ಮಧ್ಯೆ ಈ ಕಟೌಟ್ ಡಬ್ಬಿ ಬಾಗಿಲು ಕಾಯುತ್ತೆ. ನೀನು ಬ್ಯಾಟರಿ ಉಲ್ಟಾ ಕಟ್ಟಿದ್ರೆ ಎರಡರ ಕರೆಂಟೂ ಸೇರ್ಕೊಂಡು ಡಬ್ಬಿ ಮೇಲೆ ನುಗ್ಗಲ್ವಾ? ಸುಡದೆ ಇನ್ನೇನಾಗುತ್ತೆ?"

ಒಂದು ಮಾತೂ ತಪ್ಪಿರಲಿಲ್ಲ. ತಲೆ ತಗ್ಗಿಸಿ ಬೈಸಿಕೊಳ್ಳುತ್ತಲೇ ಅವಳಿಗೆ ಸಂತೋಷವಾಯಿತು. ಇಷ್ಟೆಲ್ಲ ಬಲ್ಲವನಿಗೆ ಅಂಥದ್ದೇನೂ ಆಗಿರಲಿಕ್ಕಿಲ್ಲ ಎನಿಸಿತು.

"ಹೋಗ್ಲಿ ಬಿಡಿ ಡಾಕ್ಟ್ರೇ, ಪಾಪ, ಕಲೀತಿದಾಳೆ," ಎಂದರು ಮೇಷ್ಟ್ರು. ಸಂಜೆ ಬರುತ್ತೇನೆಂದು ಹೊರಟವರು ಬಾಗಿಲಲ್ಲಿ ನಿಂತು, "ಈ ಸಲ ನೀವೇ ಕಟ್ಟಿ, ಆಯ್ತಾ?" ಎಂದರು.

ಅವರು ತಿರುವು ದಾಟುವವರೆಗೂ ಅಪ್ಪ ನೋಡುತ್ತಿದ್ದ. ಆಮೇಲೆ ಹಳೇ ಟೈರಿನ ಮೇಲೆ ಕುಸಿದು ಕೂತ.

"ಜಾಸ್ತಿ ಬೈದ್ನಾ?"

"ಇಲ್ಲಪ್ಪ."

"ಬೈದೇ ಇದ್ದಿದ್ರೆ ಅವರಿಗೆ ಗೊತ್ತಾಗ್ಬಿಡೋದು."

ಅವಳು ತಟ್ಟನೆ ತಿರುಗಿ ನೋಡಿದಳು.

"ಊಟ ಮಾಡ್ಕೊಂಡು ಬಂದ್ರೆ ವೈರು ಬೇರೆ ಥರ ಇರುತ್ತೆ," ಎಂದ ಅಪ್ಪ, ಕೈ ನೋಡಿಕೊಳ್ಳುತ್ತ. "ಮೊದಮೊದಲು ನೋಡಿದ ತಕ್ಷಣ ತಪ್ಪು ನಂದೇ ಅಂತ ತಿಳೀತಿತ್ತು. ಈಗ ಅದೂ ತಿಳಿಯಲ್ಲ. ನೀನು ಸರಿ ಮಾಡಿರ್ತೀಯ ಅಂತ ಸುಮ್ನಾಗ್ತೀನಿ."

ಅವಳು ಬೇರೆ ಡಬ್ಬಿ ಹುಡುಕಿ ಹಾಕಿದಳು, ಬ್ಯಾಟರಿಯನ್ನು ಸರಿಯಾಗಿ ಕೂರಿಸಿದಳು. ಇನ್ನು ಡೈನಮೋ ಉಳಿದಿತ್ತು. ಉಲ್ಟಾ ಕರೆಂಟು ಹರಿದರೆ ಅದಕ್ಕೆ ದಿಕ್ಕು ಮರೆತುಹೋಗುತ್ತದೆ. ಬ್ಯಾಟರಿಯಿಂದ ಒಂದು ವೈರು ತಂದು ಅದಕ್ಕೆ ಕ್ಷಣಮಾತ್ರ ತಾಗಿಸಿ ನೆನಪು ಮಾಡಿಕೊಡಬೇಕು. ಇದನ್ನು ಅವಳಿಗೆ ಕಲಿಸಿದವನು ಅಪ್ಪನೇ. ವೈರನ್ನು ಅವನ ಕೈಗಿತ್ತಳು.

"ಎಲ್ಲಿಗೆ?" ಎಂದ.

ಅವಳು ಅವನ ಮಣಿಕಟ್ಟು ಹಿಡಿದು ಜಾಗಕ್ಕೆ ಒಯ್ದಳು. ಚಟ್ಟೆಂದು ಕಿಡಿ ಹಾರಿತು. ಕಿಕ್ ಹೊಡೆದು, ಆಕ್ಸಿಲರೇಟರ್ ತಿರುವಿ, ದೀಪ ಹಾಕಿದಳು. ಟ್ಯಾಂಕಿನ ಮುಂದಿನ ದುಂಡು ಮೀಟರಿನಲ್ಲಿ ಮುಳ್ಳು ನಡುಗಿ, ಮೆಲ್ಲಗೆ ಪ್ಲಸ್ಸಿನ ಕಡೆ ವಾಲಿ ನಿಂತಿತು; ಬ್ಯಾಟರಿ ತುಂಬುತ್ತಿತ್ತು. ಇಂಥ ಹೊತ್ತಿನಲ್ಲಿ ಅಪ್ಪ "ಬದುಕ್ಕೊಂಡ ನನ್ಮಗ" ಎಂದು ಟ್ಯಾಂಕು ತಟ್ಟುತ್ತಿದ್ದ. ಅವಳು ಆ ಮಾತಿಗಾಗಿ ಕಾದಳು.

ಅಪ್ಪ ಅಂಗಿಯ ಚುಂಗಿನಿಂದ ಮೀಟರಿನ ಗಾಜು ಒರೆಸಿ, ಬಗ್ಗಿ ನೋಡಿದ. ಮತ್ತೊಮ್ಮೆ ಒರೆಸಿದ.

"ಮಗೂ, ಈ ಮುಳ್ಳು ಯಾವ ಕಡೆ ಹೋದ್ರೆ ಒಳ್ಳೇದು?"

ಅವಳು ಗಾಜಿನ ಮೇಲೆ ಬೆರಳಿಟ್ಟು ತೋರಿಸಿದಳು. ಅಪ್ಪ ತಲೆಯಾಡಿಸಿದ. ಅವನು ನೋಡುತ್ತಿದ್ದುದು ಮುಳ್ಳನ್ನಲ್ಲ, ಅವಳ ಬೆರಳನ್ನು.