ಅತ್ತೆಯ ಆಟಕ್ಕೆ ಹೊಸ ಪೇಸ್ಟು

ಮೂವತ್ತು ವರ್ಷ ಊರವರ ಗೋಡೆಗಳಿಗೆಲ್ಲ ಗಾರೆ ಹಚ್ಚಿದ ಮೇಸ್ತ್ರಿ ಆ ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮುಂದೆ ಕುಳಿತು, ಹೆಬ್ಬೆರಳಿನ ಉಗುರಿನಷ್ಟು ಅಗಲದ ಒಂದು ಚಿಪ್‌ಗೆ ಪೇಸ್ಟು ಹಚ್ಚಬೇಕಿತ್ತು. ಕೆಲಸ ಇಷ್ಟೇ. ಇಷ್ಟಕ್ಕೇ ಅವನು ಎರಡು ಸಲ ಕೈ ತೊಳೆದು ಬಂದಿದ್ದ.

ಆ ಚಿಪ್ ಇದ್ದದ್ದು ಅತ್ತೆಯ ಗೇಮ್ ಯಂತ್ರದೊಳಗೆ. ಎರಡೂ ಕೈಯಲ್ಲಿ ಹಿಡಿದು ಆಡುವಂಥದ್ದು, ನಡುವೆ ಪರದೆ, ಆಚೀಚೆ ಗುಂಡಿಗಳು. ಅತ್ತೆ ಎಂದರೆ ಹೆಂಡತಿಯ ತಾಯಿ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ ಮಗಳ ಮನೆಗೆ ಬಂದವರು. ಬಿದ್ದದ್ದು ಕೈ ಮಾತ್ರ, ನಾಲಿಗೆಗೆ ಏನೂ ಆಗಿರಲಿಲ್ಲ. ಆ ನಾಲಿಗೆ ಮನೆಯಲ್ಲಿ ಯಾರನ್ನೂ ಸುಮ್ಮನೆ ಬಿಟ್ಟದ್ದಿಲ್ಲ, ಅಳಿಯನನ್ನಂತೂ ಕೇಳಲೇಬೇಡಿ.

ದಿನಾ ರಬ್ಬರ್ ಚೆಂಡು ಹಿಸುಕಿ ಎಂದ ಡಾಕ್ಟರಿಗೆ “ನಾನೇನು ಎಳೇ ಮಗುವಾ?” ಎಂದು ಮುಖಕ್ಕೆ ಹೊಡೆದಂತೆ ಹೇಳಿ, ಚೆಂಡನ್ನು ಮಂಚದ ಕೆಳಗೆ ಉರುಳಿಸಿದ್ದರು. ಬೇರೆ ದಾರಿ ಕಾಣದೆ ಮಗಳು ಆಫೀಸಿನ ಗೆಳತಿಯಿಂದ ಈ ಹಳೇ ಯಂತ್ರ ತಂದು ಕೈಗಿಟ್ಟಳು. ಅದರೊಳಗೆ ಒಂದು ದ್ವೀಪ. ಬರೀ ಖಾಲಿ ನೆಲ. ಗುಂಡಿ ಒತ್ತಿ ಒತ್ತಿ ಕಲ್ಲು ಒಡೆಯಬೇಕು, ಮರ ಕಡಿಯಬೇಕು, ಮನೆ ಎಬ್ಬಿಸಬೇಕು. ಅತ್ತೆ ಹಠಕ್ಕೆ ಬಿದ್ದರು. ಮೊದಲ ತಿಂಗಳು ಒಂದೇ ಒಂದು ಗೋಡೆ, ಅದೂ ಸೊಟ್ಟ. ಆಮೇಲೆ ಹೆಬ್ಬೆರಳು ಮಾತು ಕೇಳಿತು, ಅದರ ಹಿಂದೆಯೇ ತೋರುಬೆರಳು. ಒಂದೂವರೆ ವರ್ಷದಲ್ಲಿ ದ್ವೀಪದ ಮೇಲೆ ಹನ್ನೊಂದು ಮನೆ, ಒಂದು ಸೇತುವೆ, ಒಂದು ದೀಪದ ಗೋಪುರ ಎದ್ದವು. ಇತ್ತ ಅತ್ತೆಯ ಬಲಗೈ ಲೋಟ ಎತ್ತುವಷ್ಟು, ತಲೆ ಬಾಚಿಕೊಳ್ಳುವಷ್ಟು ಗಟ್ಟಿಯಾಯಿತು.

ಹೋದ ತಿಂಗಳಿಂದ ಯಂತ್ರಕ್ಕೆ ಏನೋ ಬಡಿದಿತ್ತು. ಆನ್ ಮಾಡಿದ ಐದೇ ನಿಮಿಷಕ್ಕೆ ಕಾದ ಹಂಚಿನಂತಾಗಿ ಆರಿಹೋಗುತ್ತಿತ್ತು. ಮೇಸ್ತ್ರಿ ಅದನ್ನು ಮೊಬೈಲ್ ರಿಪೇರಿ ಅಂಗಡಿಗೆ ಒಯ್ದ.

“ಚಿಪ್ ಮೇಲಿನ ಪೇಸ್ಟು ಒಣಗಿರ್ಬೇಕು. ಬಿಸಿ ಹೊರಗೆ ಹೋಗ್ತಿಲ್ಲ,” ಎಂದ ಅಂಗಡಿಯವನು. “ನಾನಿದನ್ನ ಬಿಚ್ಚಲ್ಲ. ಕಂಪನಿಗೆ ಕಳ್ಸಿ, ಬೋರ್ಡೇ ಬದಲಾಯಿಸಿ ಕೊಡ್ತಾರೆ.”

“ಒಳಗಿರೋ ಆಟ?”

“ಅದು ಹಳೇ ಬೋರ್ಡ್ ಜೊತೆಗೇ ಹೋಯ್ತು ಅಂದ್ಕೊಳ್ಳಿ.”

ಮನೆಗೆ ಬಂದು ಹೇಳಿದಾಗ ಅತ್ತೆ ಯಂತ್ರವನ್ನು ಇಸಕೊಂಡು ಮಡಿಲಲ್ಲಿಟ್ಟುಕೊಂಡರು. ಕಡೆಗೆ, “ಹಾಗಾದ್ರೆ ಬೇಡ. ಇನ್ನೊಂದ್ಸಲ ಖಾಲಿ ನೆಲದಿಂದ ಶುರು ಮಾಡೋ ಶಕ್ತಿ ನಂಗಿಲ್ಲ. ಕೈ ಹೆಂಗಿದ್ಯೋ ಹಂಗಿರ್ಲಿ ಬಿಡಿ,” ಎಂದರು. ಆದರೆ ಕೈ ಹಾಗೇ ಇರಲಿಲ್ಲ. ಆಟ ನಿಂತ ಮೂರನೇ ವಾರಕ್ಕೆ ಬೆರಳುಗಳು ಮತ್ತೆ ಮುದುಡತೊಡಗಿದವು. ಒಂದು ದಿನ ಕಾಫಿ ಲೋಟ ಜಾರಿ ಬಿತ್ತು. ಅತ್ತೆ ಮಾರನೆಯ ದಿನದಿಂದ ಎಡಗೈಯಲ್ಲೇ ಲೋಟ ಹಿಡಿದರು, ಬಲಗೈಯನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡರು. ಅದನ್ನು ನೋಡುತ್ತ ಕೂರಲು ಮೇಸ್ತ್ರಿಗೆ ಆಗಲಿಲ್ಲ.

“ನಾನೇ ಹಚ್ತೀನಿ ಅತ್ತೆ. ಪೇಸ್ಟು ಹಚ್ಚೋದು ತಾನೇ? ಜೀವಮಾನವೆಲ್ಲ ಮಾಡಿದ್ದು ಅದನ್ನೇ,” ಎಂದುಬಿಟ್ಟ.

“ನೀವು ಹಚ್ಚಿದ ಬಚ್ಚಲುಮನೆ ಗೋಡೆ ದಿನಾ ನೋಡ್ತಿದೀನಲ್ಲ ಅಳಿಯಂದ್ರೇ, ಅದೇ ಭಯ,” ಎಂದರು ಅತ್ತೆ. ಎಂದರೂ ಯಂತ್ರವನ್ನು ಅವನ ಕೈಗೆ ಕೊಟ್ಟರು.

ಹೆಂಡತಿಗೆ ಅಂದು ಭಾನುವಾರವೂ ಡ್ಯೂಟಿ. ಹೊರಡುವಾಗ ಫೋನಿನಲ್ಲಿ ವಿಡಿಯೋ ಹಾಕಿಕೊಟ್ಟು, “ರೀ, ಮೊದ್ಲು ಬ್ಯಾಟರಿ ಬಿಡಿಸಿ. ಮಿಕ್ಕಿದ್ದು ಏನಾದ್ರೂ ಮರೀರಿ, ಅದೊಂದು ಮರೀಬೇಡಿ,” ಎಂದು ಮೂರು ಸಲ ಹೇಳಿಹೋಗಿದ್ದಳು.

ಅವನು ಮರೆಯಲಿಲ್ಲ. ಹಿಂಬದಿಯ ಎಂಟು ಸ್ಕ್ರೂ ಬಿಚ್ಚಿ, ಯಾವುದು ಎಲ್ಲಿಯದೆಂದು ಕಾಗದದ ಮೇಲೆ ಬರೆದು ಅಲ್ಲಲ್ಲೇ ಇಟ್ಟ. ಬ್ಯಾಟರಿಯ ತಂತಿ ಬಿಡಿಸಿದ. ಪುಟ್ಟ ಫ್ಯಾನು, ಅದಕ್ಕಂಟಿದ ತಾಮ್ರದ ಪಟ್ಟಿ ಎತ್ತಿದ. ಅಡಿಯಲ್ಲಿದ್ದ ಹಳೇ ಪೇಸ್ಟು ಹಳೇ ಸುಣ್ಣದ ಹಾಗೆ ಬಿರುಕುಬಿಟ್ಟಿತ್ತು. ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಿ ಒರೆಸಿ, ಚಿಪ್‌ನಲ್ಲಿ ತನ್ನ ಮೀಸೆ ಕಾಣುವ ತನಕ ಉಜ್ಜಿದ. ಇಲ್ಲಿಯವರೆಗೆ ಯಾವ ಗಡಿಯಾರ ರಿಪೇರಿಯವನೂ ಬೆರಳು ತೋರಿಸುವಂತಿರಲಿಲ್ಲ.

ಎಡವಿದ್ದು ಆಮೇಲೆ. ಎದುರಿಗೆ ಒಣಗಿದ ಮೈ ಇದೆ, ಅದಕ್ಕೆ ಹಚ್ಚಬೇಕು. ಗಾರೆ ಹಿಡಿಯಲೆಂದು ಒಣ ಗೋಡೆಗೆ ಮೊದಲು ನೀರು ಹೊಡೆಯದೆ ಕರಣೆ ಎತ್ತಿದ ಆಳುಗಳಿಗೆ ಅವನು ಬೈದದ್ದು ಅಷ್ಟಿಷ್ಟಲ್ಲ. ತಲೆಯನ್ನು ಕೇಳದೆಯೇ ಕೈ ತನ್ನ ಪಾಡಿಗೆ ಹೊರಟಿತು. ಧೂಳು ತೆಗೆಯಲೆಂದು ಇಟ್ಟುಕೊಂಡಿದ್ದ ಕುಂಚವನ್ನು ಕುಡಿಯುವ ನೀರಿನ ಲೋಟದಲ್ಲಿ ಅದ್ದಿ, ಚಿಪ್ ಮೇಲೆ ಒಮ್ಮೆ ಚೆನ್ನಾಗಿ ಎಳೆದುಬಿಟ್ಟ.

ಎಳೆದ ಮೇಲೆ ಬುದ್ಧಿ ಬಂತು. ಒಂದು ಹನಿ ಚಿಪ್‌ನ ಅಂಚಿನಿಂದ ಇಳಿದು, ಎಳ್ಳಿನಷ್ಟು ಸಣ್ಣ ಭಾಗಗಳ ನಡುವೆ ಹರಿಯಿತು. ಮೇಸ್ತ್ರಿ ಕಳ್ಳನ ಹಾಗೆ ತಲೆಯೆತ್ತಿ ನೋಡಿದ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಅತ್ತೆ ಮುಖಕ್ಕಡ್ಡವಾಗಿ ಪೇಪರು ಹಿಡಿದಿದ್ದರು. ಸದ್ಯ, ನೋಡಿಲ್ಲ.

ಹತ್ತಿಯಿಂದ ನೀರು ಹೀರಿಸಿ, ಅಡುಗೆಮನೆಗೆ ಹೋಗಿ ಅಂಗಡಿಯವನಿಗೆ ಪಿಸುದನಿಯಲ್ಲಿ ಫೋನ್ ಮಾಡಿದ.

“ನೀರಾ? ಮೇಸ್ತ್ರಿಗಳೇ, ಅದೇನು ಕಾಂಪೌಂಡ್ ಗೋಡೆನಾ?” ಎಂದು ಅವನು ನಕ್ಕ. ನಗು ನಿಲ್ಲಿಸಿ, “ಬ್ಯಾಟರಿ ಬಿಡ್ಸಿದ್ರಾ?” ಎಂದು ಕೇಳಿದ.

“ಬಿಡ್ಸಿದ್ದೆ.”

“ಹಾಗಾದ್ರೆ ಬದುಕಿದ್ರೆ ಬದುಕ್ತು. ನೀರು ಹೋದ ಕಡೆಯೆಲ್ಲ ಸ್ಪಿರಿಟ್‌ನಲ್ಲಿ ತೊಳೀರಿ, ಫ್ಯಾನ್ ಕೆಳಗೆ ನಾಲ್ಕು ಗಂಟೆ ಇಡಿ. ಅಲ್ಲೀವರೆಗೂ ಮುಟ್ಟಬೇಡಿ.”

ನಾಲ್ಕು ಗಂಟೆ ಮೇಸ್ತ್ರಿಗೆ ನಾಲ್ಕು ಯುಗವಾಯಿತು. ಕುಳಿತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಹನ್ನೊಂದು ಮನೆ ಕಟ್ಟಿದ ಮುದುಕಿಯ ಊರನ್ನು ಒಂದು ಕುಂಚದಲ್ಲಿ ಒರೆಸಿಹಾಕಿದೆನಲ್ಲ ಎಂದು ಅವನಿಗೆ ಅಳುವೇ ಬರುತ್ತಿತ್ತು.

“ಏನು, ಕೆಲಸ ನಿಂತುಬಿಡ್ತು?” ಎಂದು ಅತ್ತೆ ಕೇಳಿದರು.

“ಒಣಗ್ಬೇಕು ಅತ್ತೆ. ಇದ್ರಲ್ಲಿ ಅವಸರ ಮಾಡೋ ಹಾಗಿಲ್ಲ.”

“ಹೂಂ,” ಎಂದರು, ಅಷ್ಟೇ. ಬೇರೆ ದಿನವಾಗಿದ್ದರೆ ಇದಕ್ಕೆ ಹತ್ತು ಕೊಂಕು ಬರುತ್ತಿತ್ತು. ಮಧ್ಯಾಹ್ನ ಅವನು ಎರಡು ತುತ್ತು ಉಂಡು ಎದ್ದ. ಅತ್ತೆ ಎಡಗೈಯಲ್ಲಿ ಚಮಚ ಹಿಡಿದು ತುಟಿ ಪಿಟಕ್ಕೆನ್ನದೆ ಉಂಡರು.

ಮೂರು ಗಂಟೆಗೆ ಅವನು ಮತ್ತೆ ಕುಳಿತ. ಅಂಗಡಿಯವನಿಂದಲೇ ಕೊಂಡು ತಂದಿದ್ದ ಹೊಸ ಪೇಸ್ಟನ್ನು ಅಕ್ಕಿಕಾಳಿನಷ್ಟು ಹಾಕಿ, ಹಳೇ ಕಾರ್ಡಿನ ತುಂಡಿನಲ್ಲಿ ಸವರಿದ. ಅಷ್ಟು ತೆಳ್ಳಗೆ ಅವನು ಹುಟ್ಟಿದಾಗಿನಿಂದ ಏನನ್ನೂ ಹಚ್ಚಿದವನಲ್ಲ. ತಾಮ್ರದ ಪಟ್ಟಿ ಕೂರಿಸಿ, ಮೂಲೆಯಿಂದ ಮೂಲೆಗೆ ಸ್ಕ್ರೂ ಬಿಗಿದು, ಬ್ಯಾಟರಿ ಸಿಕ್ಕಿಸಿ, ಮುಚ್ಚಳ ಮುಚ್ಚಿದ. ಆನ್ ಮಾಡುವ ಧೈರ್ಯ ಮಾತ್ರ ಬರಲಿಲ್ಲ.

“ನೀವೇ ಒತ್ತಿ ಅತ್ತೆ.”

ಅತ್ತೆ ಮಡಿಲಿನಿಂದ ಬಲಗೈ ತೆಗೆದು, ಮುದುಡಿದ ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟು ಒತ್ತಿದರು. ಪರದೆ ಕಪ್ಪಗಿತ್ತು. ಇನ್ನೂ ಕಪ್ಪಗಿತ್ತು. ಮೇಸ್ತ್ರಿ ಯಂತ್ರಕ್ಕೆ ಕಿವಿ ಹಚ್ಚಿದ. ಅಷ್ಟರಲ್ಲಿ ಒಳಗಿನ ಫ್ಯಾನು ಗುಯ್‌ಗುಟ್ಟಿತು. ಬೆಳಕು ಬಂತು. ನೀಲಿ ಸಮುದ್ರ, ಸೇತುವೆ, ದೀಪದ ಗೋಪುರ, ಸಾಲಾಗಿ ಮನೆಗಳು. ಅವನು ಬೆರಳಿಟ್ಟು ಎಣಿಸಿದ. ಹನ್ನೊಂದೂ ಇದ್ದವು.

ಐದು ನಿಮಿಷ ಕಳೆಯಿತು, ಹತ್ತಾಯಿತು, ಅರ್ಧ ಗಂಟೆಯಾಯಿತು. ಯಂತ್ರದ ಬೆನ್ನು ಬೆಚ್ಚಗಿತ್ತು, ಅಷ್ಟೇ. ಮೇಸ್ತ್ರಿ ನೆಲದ ಮೇಲೇ ಕಾಲು ಚಾಚಿ ಕುಳಿತ. ಗೆದ್ದ ಸಂತೋಷದಲ್ಲಿ ಹೊಟ್ಟೆಯೊಳಗಿನ ಗುಟ್ಟು ನಿಲ್ಲಲಿಲ್ಲ.

“ಅತ್ತೆ, ಒಂದು ತಪ್ಪಾಗಿತ್ತು. ಬೆಳಿಗ್ಗೆ ನಾನು ಅದಕ್ಕೆ ನೀರು...”

“ಕುಂಚ ಅದ್ದಿ ಬಳಿದದ್ದಾ? ನೋಡ್ದೆ.”

“ನೋಡಿದ್ರಾ? ಮತ್ತೆ ಒಂದು ಮಾತೂ ಆಡ್ಲಿಲ್ಲ?”

ಅತ್ತೆ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಪೇಪರ್ ಹಿಂದೆ ತುಟಿ ಕಚ್ಕೊಂಡು ಕೂತಿದ್ದೆ. ನಿನ್ನ ಕೈ ಅದಾಗ್ಲೇ ನಡುಗ್ತಿತ್ತಪ್ಪಾ. ಕೈ ಮಾತು ಕೇಳದೆ ಇರೋವಾಗ ಪಕ್ಕದಲ್ಲಿ ಯಾರಾದ್ರೂ ಕೂಗಾಡಿದ್ರೆ ಹೆಂಗಿರುತ್ತೆ ಅಂತ ನಂಗೊತ್ತು.”

ಮೇಸ್ತ್ರಿ ಮುಖ ಆ ಕಡೆ ತಿರುಗಿಸಿ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ.

“ಸಾಕು ಏಳಿ ಅಳಿಯಂದ್ರೇ,” ಎಂದರು ಅತ್ತೆ, ಕಾಲಿನಿಂದ ಪಕ್ಕದ ಸ್ಟೂಲನ್ನು ಅವನತ್ತ ತಳ್ಳುತ್ತಾ. “ಬಂದು ಹೇಳಿ ನೋಡೋಣ, ಹನ್ನೆರಡನೇ ಮನೆ ಪಾಯ ಯಾವ ಮೂಲೆಯಿಂದ ತೆಗೀಲಿ?”