ಅಮ್ಮನಿಗೆ ಹೇಳಿದ ಮುಖ

ಯಾಕಮ್ಮ ಮುಖ ಸಪ್ಪಗಾಗಿದೆ ಅಂತ ಕೇಳಿದರು ಪ್ಯಾಂಟು ಗಿಡ್ಡ ಮಾಡಿಸಲು ಬಂದ ಮೇಷ್ಟ್ರು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದೆ, ಉತ್ತರ ಕೊಡುವ ಕಷ್ಟ ತಪ್ಪಿತು, ಮುಖ, ಮುಖ, ಎಲ್ಲರಿಗೂ ಮುಖವೇ ಬೇಕು, ಬೆಳಿಗ್ಗೆ ಅಂಗಡಿಗೆ ಹೊರಟು ಚಪ್ಪಲಿ ಮೆಟ್ಟುವಾಗ ಅಮ್ಮನೂ ಅದನ್ನೇ ಕೇಳಿದಳು, ನನ್ನ ಕಡ್ಡಿಗೆ ಗಡ್ಡ ಬಂದಿತ್ತೇನೇ, ಇಲ್ಲಮ್ಮ ನುಣ್ಣಗೆ ಬೋಳಿಸಿಕೊಂಡಿದ್ದ, ಬಾಯಿ ತೆರೆದಿತ್ತಾ, ಇಲ್ಲಮ್ಮ, ನಿದ್ದೆ ಮಾಡೋ ಹಾಗಿದ್ದ ಅಂತ ಹೇಳಿದ್ನಲ್ಲ — ನಾಲ್ಕು ತಿಂಗಳಿಂದ ದಿನಕ್ಕೊಂದು ಪ್ರಶ್ನೆ, ನಾಲ್ಕು ತಿಂಗಳಿಂದ ನಾನು ನೋಡದ ಮುಖವೊಂದನ್ನು ಹೊಲಿಯುತ್ತಿದ್ದೇನೆ, ನಿನ್ನೆ ಹುಬ್ಬು, ಇವತ್ತು ಗಡ್ಡ. ಕಡ್ಡಿ, ನನ್ನ ತಮ್ಮ, ಸೈನ್ಯಕ್ಕೆ ಸೇರಿದಾಗ ಬೀದಿಯೆಲ್ಲ ನಕ್ಕಿತ್ತು, ಇವನನ್ನ ಹೇಗಪ್ಪಾ ತಗೊಂಡ್ರು, ಗಾಳಿ ಬೀಸಿದ್ರೆ ಬಂದೂಕೇ ಇವನನ್ನ ಹಿಡ್ಕೋಬೇಕು, ಅವನೂ ನಕ್ಕ, ಶಾಂತಿಪಡೆಯ ಜೊತೆ ಸಮುದ್ರದಾಚೆ ಯಾರದೋ ಜಗಳ ಬಿಡಿಸಲು ಹೋಗುವಾಗಲೂ ನಕ್ಕ, ಅಕ್ಕಾ ನಾನಲ್ಲಿ ಬರೀ ನೀರಿನ ಲಾರಿ ಓಡಿಸೋದು ಕಣೇ, ನೀರು ಕೊಡೋನ ಮೇಲೆ ಯಾರು ಗುಂಡು ಹಾರಿಸ್ತಾರೆ ಹೇಳು — ಹಾರಿಸಲಿಲ್ಲ, ಸರಿಯೇ, ರಸ್ತೆಯಲ್ಲಿ ಬಾಂಬು ಹೂತಿಟ್ಟಿದ್ದರು, ಲಾರಿಯಲ್ಲಿ ನೀರಿದೆಯೋ ಮದ್ದುಗುಂಡಿದೆಯೋ ಅದಕ್ಕೇನು ಗೊತ್ತು. ನೇರ ನಿಂತ್ಕೊಳ್ಳಿ ಮೇಷ್ಟ್ರೇ, ಇಲ್ಲದಿದ್ರೆ ಒಂದು ಕಾಲು ಉದ್ದ ಆಗುತ್ತೆ — ಅವನ ಪೆಟ್ಟಿಗೆ ಬಂದ ದಿನ, ವಿಮಾನ ನಿಲ್ದಾಣದ ಹಿಂದಿನ ಗೋದಾಮು, ಗುಂಯ್‌ಗುಡುವ ಟ್ಯೂಬ್‌ಲೈಟು, ಅಮ್ಮ ಹೊರಗೆ ಬೆಂಚಿನ ಮೇಲೆ, ಒಬ್ಬರು ಗುರುತು ಹಿಡಿದು ಸಹಿ ಹಾಕ್ಬೇಕು ಅಂದ ಅಧಿಕಾರಿ, ಪಾಪ, ಒಳ್ಳೆಯವನು, ಪೆಟ್ಟಿಗೆಯ ಹತ್ತಿರ ಬಂದಾಗ ನನ್ನ ಕಣ್ಣು ತಪ್ಪಿಸಿದ, ಮುಖ ಬೇಡ ತಾಯಿ, ನೋಡೋ ಹಾಗಿಲ್ಲ, ಕಾಲ ಕಡೆಯಿಂದ ಸ್ವಲ್ಪ ಬಟ್ಟೆ ಸರಿಸ್ತೀನಿ, ಸರಿಸಿದ, ನೋಡಿದೆ, ಇವನೇ ಅಂದೆ, ಹೊರಗೆ ಅಮ್ಮ ಎದ್ದು ನಿಂತಿದ್ದಾಳೆ, ನೋಡಿದ್ಯಾ, ನೋಡ್ದೆ, ಮುಖ ನೋಡಿದ್ಯಾ, ಹ್ಞೂಂ ಅಮ್ಮ — ಆ ಒಂದು ಹ್ಞೂಂ, ನುಂಗಲೂ ಆಗದು ಉಗುಳಲೂ ಆಗದು, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಇವತ್ತು ಗಡ್ಡದ ಮಾತಾದ ಮೇಲೆ ಅವಳು ನನ್ನ ಮೊಣಕೈ ಹಿಡಿದಳು, ಸಾಕು ಮಗಳೇ, ಎಷ್ಟು ಸುಳ್ಳು ಅಂತ ಹೇಳ್ತೀಯ, ನಿಜವಾಗ್ಲೂ ಏನು ನೋಡ್ದೆ ಅದನ್ನ ಹೇಳು, ನಾನೇನು ಸಾಯಲ್ಲ — ಅವಳಿಗೆ ಗೊತ್ತಿತ್ತು, ಯಾವಾಗಿನಿಂದ, ಬೆಂಚಿನಿಂದ ಎದ್ದಾಗಿನಿಂದಲೇ, ಗೊತ್ತಿದ್ದೂ ದಿನಾ ಕೇಳಿದಳೇ, ಅವನಿಗೊಂದು ಮುಖ ಇರಲಿ ಅಂತ ಕೇಳಿದಳೇ, ಹೊತ್ತಾಯ್ತಮ್ಮ ಅಂತ ಕೈ ಬಿಡಿಸಿಕೊಂಡು ಓಡಿ ಬಂದೆ, ಸಂಜೆ ಹೋಗಬೇಕು, ಹೇಳಬೇಕು, ಏನಂತ, ಒಂದು ಕಾಲು ಅಮ್ಮ, ಒಂದೇ, ಕಾಲುಚೀಲ ಉಲ್ಟಾ ಹಾಕಿಕೊಂಡಿದ್ದ, ಸ್ಕೂಲಿಗೆ ಹೊತ್ತಾದಾಗ ಹಾಕಿಕೊಳ್ಳುತ್ತಿದ್ದನಲ್ಲ ಹಾಗೇ, ಬೆರಳಿನ ಹತ್ತಿರ ಹೊಲಿಗೆ ಹೊರಗೆ, ಒಂದು ದಾರ ಬಿಟ್ಟುಕೊಂಡಿತ್ತು, ಬಿಳಿ, ಒಂದು ಗೇಣು, ಎಲ್ಲ ಸುಟ್ಟು ಕಪ್ಪಾಗಿತ್ತು ಅಮ್ಮ, ಅದೊಂದು ಹೇಗೆ ಬಿಳಿ ಉಳಿಯಿತೋ, ಅದೊಂದು ದಾರ, ಬಿಳಿ, ಫ್ಯಾನಿನ ಗಾಳಿಗೆ ಅಲ್ಲಾಡುತ್ತಿತ್ತು, ಅಲ್ಲಾಡುತ್ತಿತ್ತು —