ಡಾಕ್ಟರು ನರ್ಸಾದದ್ದು

ನನ್ನ ಗಂಡ ಅನ್ಸೆಲ್ಮೊ ನಮ್ಮೂರಿನ ಆಸ್ಪತ್ರೆಯಲ್ಲಿ ಬಹಳ ವರ್ಷ ಡಾಕ್ಟರಾಗಿದ್ದು, ನಲವತ್ತು ದಾಟಿದ ಮೇಲೆ ನರ್ಸಿಂಗ್ ಕಾಲೇಜು ಸೇರಿದರು. ಇಲ್ಲಿ ಟೆಕ್ಸಸ್‌ನಲ್ಲಿ ಯಾರಿಗಾದರೂ ಇದನ್ನು ಹೇಳಿದರೆ, ನಾನು ಬಾಯಿತಪ್ಪಿ ಹಿಂದುಮುಂದಾಗಿ ಹೇಳಿದೆ ಎಂದುಕೊಂಡು ತಿದ್ದಲು ಬರುತ್ತಾರೆ. ಆಗ ಮನಿಲಾದಿಂದ ದೂರದ ನಮ್ಮ ಆಂತಿಕೆ ಪ್ರಾಂತ್ಯದಲ್ಲಿ ಯಾರೂ ತಿದ್ದುತ್ತಿರಲಿಲ್ಲ. ಪಕ್ಕದೂರಿನ ಹಲ್ಲಿನ ಡಾಕ್ಟರು ನರ್ಸಿಂಗ್ ಓದುತ್ತಿದ್ದರು. ದೊಡ್ಡಾಸ್ಪತ್ರೆಯ ಮಕ್ಕಳ ಡಾಕ್ಟರು ಓದಿ ಮುಗಿಸಿ ನ್ಯೂಜೆರ್ಸಿ ಸೇರಿಯಾಗಿತ್ತು. ಅಮೆರಿಕಕ್ಕೆ ನಮ್ಮ ದೇಶದ ಡಾಕ್ಟರುಗಳು ಬೇಕಿರಲಿಲ್ಲ, ನರ್ಸುಗಳು ಬೇಕಿದ್ದರು.

ನಾನು ಮೊದಲಿನಿಂದಲೂ ನರ್ಸು. ಹೆಸರು ಕ್ರಿಸ್ಪಿನಾ, ಮನೆಯಲ್ಲಿ ಪಿನಿಂಗ್. ಅನ್ಸೆಲ್ಮೊ ಕತ್ತರಿ ಹಿಡಿದು ನಿಂತ ಮೇಜಿನ ಈಚೆ ಬದಿಯಲ್ಲಿ ನಾನು ನಿಂತಿರುತ್ತಿದ್ದೆ. ಅಲ್ಲೇ ಪರಿಚಯ, ಅಲ್ಲೇ ಜಗಳ, ಆಮೇಲೆ ಮದುವೆ. ಊರೆಲ್ಲ ಅವರನ್ನು ‘ದೋಕ್’ ಎಂದು, ಅಂದರೆ ಡಾಕ್ಟರೆಂದು, ಕರೆಯುತ್ತಿತ್ತು; ಆಸ್ಪತ್ರೆಯಲ್ಲಿ ನಾನೂ ಹಾಗೇ ಕರೆಯುತ್ತಿದ್ದೆ. ಮದುವೆಯಾದ ಹೊಸದರಲ್ಲಿ ರಿಯಾದಿನ ಆಸ್ಪತ್ರೆಯೊಂದರಿಂದ ನನಗೆ ಕರೆ ಬಂದಿತ್ತು. ನನ್ನ ಜೊತೆ ಓದಿದವರಲ್ಲಿ ಅರ್ಧದಷ್ಟು ಜನ ಆಗಲೇ ಹೋಗಿದ್ದರು. ಇವರು ತಟ್ಟೆಯಿಂದ ತಲೆ ಎತ್ತದೆ, “ಡಾಕ್ಟ್ರ ಹೆಂಡ್ತಿ ಬೇರೆ ದೇಶಕ್ಕೆ ಹೋಗಿ ಯಾರದ್ದೋ ಹೇಲು ಬಳೀಬೇಕಾ?” ಅಂದರು. ನಾನು ಹೋಗಲಿಲ್ಲ. ಇಲ್ಲಿ ದಿನಾ ಅದನ್ನೇ ಮಾಡುತ್ತಿದ್ದೇನಲ್ಲ ಎಂದು ಆಗ ಹೇಳಬಹುದಿತ್ತು, ಹೊಳೆಯಲಿಲ್ಲ.

ಅವರ ಮನಸ್ಸು ತಿರುಗಿಸಿದ್ದು ಒಬ್ಬ ಮೀನು ಮಾರುವ ಹೆಂಗಸು. ಮೂರನೆಯ ಹೆರಿಗೆಗೆ ಬಂದವಳು, ರಕ್ತ ನಿಲ್ಲಲಿಲ್ಲ. ನಮ್ಮಲ್ಲಿ ಕೊಡಲು ರಕ್ತವಿರಲಿಲ್ಲ, ಅರಿವಳಿಕೆ ಕೊಡುವ ಡಾಕ್ಟರು ದುಬೈಗೆ ಹೋಗಿದ್ದರು, ಆಂಬುಲೆನ್ಸು ಗ್ಯಾರೇಜಿನಲ್ಲಿತ್ತು. ಆಕೆ ತೀರಿಕೊಂಡ ಮೇಲೆ ದೋಕ್ ಮಟಮಟ ಮಧ್ಯಾಹ್ನ ಮನೆಗೆ ಬಂದು, ಬೂಟು ಬಿಚ್ಚದೆ ಮೆಟ್ಟಿಲ ಮೇಲೆ ಕೂತರು. ನಾನು ನೀರು ಕೊಟ್ಟೆ. ಕುಡಿಯಲಿಲ್ಲ.

“ಪಿನಿಂಗ್, ಕೈಕಟ್ಟಿ ನಿಂತು ನೋಡೋದು ನನ್ನಿಂದ ಇನ್ನು ಆಗಲ್ಲ.”

“ಹಾಗಾದ್ರೆ ನಾನು ಮೊದ್ಲು ಅಮೆರಿಕಕ್ಕೆ ಹೋಗ್ತೀನಿ. ನೀವು ಆಮೇಲೆ ಬನ್ನಿ,” ಅಂದೆ.

“ಬಂದು ಏನು ಮಾಡ್ಲಿ? ಮನೇಲಿ ಕೂತು ಅನ್ನ ಬೇಯಿಸ್ಲಾ?”

“ಬೇಯಿಸಿದ್ರೆ ತಪ್ಪೇನು?”

ಅವರು ಮುಂದಿನ ವಾರ ಇಲೊಯಿಲೊ ನಗರಕ್ಕೆ ಹೋಗಿ, ಡಾಕ್ಟರುಗಳಿಗೆಂದೇ ಶನಿವಾರ ಭಾನುವಾರ ನಡೆಸುತ್ತಿದ್ದ ನರ್ಸಿಂಗ್ ತರಗತಿಗೆ ಹೆಸರು ಕೊಟ್ಟು ಬಂದರು.

ಅತ್ತೆಯನ್ನು ನಾವು ‘ನಾನಾಯ್’ ಎನ್ನುತ್ತಿದ್ದೆವು, ಅಂದರೆ ಅಮ್ಮ. ಪಕ್ಕದ ಮನೆಯಲ್ಲಿ ಮಗಳ ಜೊತೆ ಇದ್ದರು. ಸುದ್ದಿ ಕೇಳಿ ಓಡಿ ಬಂದವರೇ ಬೀದಿಗೆಲ್ಲ ಕೇಳುವ ಹಾಗೆ ಶುರು ಮಾಡಿದರು. “ಬಿಷಪ್ಪು ಚರ್ಚಲ್ಲಿ ಗಂಟೆ ಹೊಡೆಯೋ ಕೆಲ್ಸಕ್ಕೆ ಪರೀಕ್ಷೆ ಕಟ್ಟಿದ ಹಾಗಾಯ್ತಲ್ಲೋ! ನಿನ್ನ ಓದಿಸೋಕೆ ನಿಮ್ಮಪ್ಪ ಎಮ್ಮೆ ಮಾರಿದ. ಆ ಎಮ್ಮೆ ಆತ್ಮಕ್ಕೆ ಶಾಂತಿ ಬೇಡ್ವಾ?” ಆದರೆ ಮಗ ಬೇಡವೆಂದರೂ ಬಿಡದೆ ನರ್ಸಿಂಗ್ ಅಭ್ಯಾಸಕ್ಕೆ ರೋಗಿಯಾದವರೂ ಅವರೇ. ಹಾಸಿಗೆ ಹಿಡಿದವರಿಗೆ ಸ್ನಾನ ಮಾಡಿಸುವ ಪರೀಕ್ಷೆ ಇತ್ತು. ನಾನಾಯ್ ನಮ್ಮ ಮಂಚದ ಮೇಲೆ ಮಲಗಿದರು, ದೋಕ್ ಬಟ್ಟೆ ಹಿಂಡಿ ಒರೆಸಿದರು, ನಾನು ಬಾಗಿಲಿಗೊರಗಿ ನೋಡುತ್ತಿದ್ದೆ.

“ನಿಧಾನ ಕಣೋ! ನಾನಿನ್ನೂ ಉಸಿರಾಡ್ತಿದೀನಿ. ಹೆಣ ತೊಳೆದ ಹಾಗೆ ತೊಳೀತಿದೀಯಲ್ಲ!”

“ಮಾತಾಡ್ಬೇಡ ಅಮ್ಮ, ನೀನೀಗ ರೋಗಿ.”

“ರೋಗಿಗೆ ಬಾಯಿಲ್ವಾ? ಪಿನಿಂಗ್, ಇವನಿಗೆ ಎಷ್ಟು ಮಾರ್ಕ್ಸು ಕೊಡ್ತೀಯಾ?”

“ಕಷ್ಟ, ನಾನಾಯ್. ಫೇಲು,” ಅಂದೆ. ಮೂವರೂ ನಕ್ಕೆವು. ಬಹಳ ದಿನದಿಂದ ಆ ಮನೆಯಲ್ಲಿ ಅಷ್ಟು ನಗು ಕೇಳಿರಲಿಲ್ಲ.

ಅವರು ಪಾಸಾದರು, ಅಮೆರಿಕದ ಪರೀಕ್ಷೆಯೂ ಆಯಿತು. ಟೆಕ್ಸಸ್‌ನ ಪಶ್ಚಿಮ ಭಾಗದ ಒಂದು ಆಸ್ಪತ್ರೆ ಇಬ್ಬರನ್ನೂ ತೆಗೆದುಕೊಂಡಿತು. ನಮಗೆ ಮಕ್ಕಳಿಲ್ಲ. ಅದಕ್ಕೇ ಊರಿನವರಿಗೆ ನಾವು ಹೋಗುವುದು ಇನ್ನಷ್ಟು ಅರ್ಥವಾಗಲಿಲ್ಲ. ಮಕ್ಕಳಿದ್ದವರು ಹೋದರೆ ಮಕ್ಕಳಿಗಾಗಿ ಎನ್ನಬಹುದು. ಇವರು ಯಾರಿಗಾಗಿ ಹೋಗುತ್ತಾರೆ? ಬೀಳ್ಕೊಡುಗೆಯ ಊಟಕ್ಕೆ ಇಡೀ ಹಂದಿ ಸುಟ್ಟಿದ್ದೆವು. ಎಲ್ಲರೂ ಬಂದರು, ಹೊಟ್ಟೆ ತುಂಬಾ ತಿಂದರು, ಆದರೆ ಒಳ್ಳೆಯದಾಗಲಿ ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ. ದೋಣಿಯ ಮುದುಕ ಎಲ್ಯುತೇರಿಯೊ ಮಾತ್ರ ಅಂಗಿ ಎತ್ತಿ, ಹೊಟ್ಟೆಯ ಮೇಲಿನ ಹಳೆಯ ಗಾಯ ತೋರಿಸಿದ.

“ಇದು ನೀವು ಹಾಕಿದ ಹೊಲಿಗೆ ದೋಕ್. ಬಿಚ್ಚಿಕೊಂಡ್ರೆ ಯಾರ ಹತ್ರ ಹೋಗ್ಲಿ?”

“ಅದು ಬಿಚ್ಚಲ್ಲ ಮಾರಾಯಾ.”

“ನೀವೂ ಊರು ಬಿಡಲ್ಲ ಅಂದ್ಕೊಂಡಿದ್ವಿ.”

ದೋಕ್ ಅವನ ಅಂಗಿಯನ್ನು ಕೆಳಗೆಳೆದು ಸರಿಮಾಡಿದರು. ಅಷ್ಟೇ. ವಿಮಾನ ಹತ್ತುವವರೆಗೂ ಆ ಮಾತು ಅವರ ಮುಖದ ಮೇಲೇ ಇತ್ತು.

ಟೆಕ್ಸಸ್‌ನಲ್ಲಿ ಇಬ್ಬರಿಗೂ ಒಂದೇ ವಾರ್ಡು. ಅಲ್ಲಿ ನಮ್ಮ ದೇಶದ ನರ್ಸುಗಳು ಬೇಕಾದಷ್ಟಿದ್ದರು. ಇವರು ಡಾಕ್ಟರಾಗಿದ್ದವರು ಎಂದು ಗೊತ್ತಾದದ್ದೇ ತಡ, ಅವರೂ ‘ದೋಕ್, ದೋಕ್’ ಎನ್ನತೊಡಗಿದರು. ಒಂದು ದಿನ ವಾರ್ಡಿನ ಮೇಲ್ವಿಚಾರಕಿ ಡಾರ್ಲೀನ್ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಳು: “ನಿನ್ನ ಗಂಡನ್ನ ಎಲ್ರೂ ಬಾತುಕೋಳಿ ಅಂತ ಯಾಕೆ ಕರೀತಾರೆ? ಅವನಿಗೆ ಬೇಜಾರಾಗಲ್ವಾ?” ನಮ್ಮ ನಾಲಿಗೆಯ ದೋಕ್ ಅವಳ ಕಿವಿಗೆ ಡಕ್ ಆಗಿ ಬಿದ್ದಿತ್ತು. ವಿಷಯ ತಿಳಿಸಿದೆ. ಅವಳು ನಗಲಿಲ್ಲ. “ಹಾಗಾದ್ರೆ ಆ ಹೆಸರು ಬೇಡ. ರೋಗಿಗಳು ಡಾಕ್ಟರು ಅಂತಾನೇ ತಿಳ್ಕೊಂಡುಬಿಡ್ತಾರೆ,” ಅಂದಳು. ಅಂದಿನಿಂದ ಅವರು ಬರೀ ಸೆಲ್ಮೊ.

ಹೇಳಿದಷ್ಟು ಕೆಲಸ ಚೆನ್ನಾಗಿಯೇ ಮಾಡುತ್ತಿದ್ದರು. ಮಲದ ಪಾತ್ರೆ ಎತ್ತುವಾಗ ಮುಖ ಸಿಂಡರಿಸುತ್ತಾರೇನೋ ಎಂದು ನಾನು ಹೆದರಿದ್ದೆ, ಹಾಗಾಗಲಿಲ್ಲ. ಅವರಿಗೆ ಕಷ್ಟವಾದದ್ದು ಬಾಯಿ ಮುಚ್ಚಿಕೊಂಡಿರುವುದು. ಮಗನ ವಯಸ್ಸಿನ ಡಾಕ್ಟರು ಬಂದು, ನೋಡಿ, ಬರೆದು ಹೋಗುತ್ತಿದ್ದ. ಇವರು ಗೋಡೆಯ ಪಕ್ಕ ನಿಂತಿರುತ್ತಿದ್ದರು. ನಾನು ಬೇಗ ಮೇಲೆ ಬಂದೆ; ಎರಡನೆಯ ವರ್ಷಕ್ಕೇ ಹಗಲು ಪಾಳಿಯ ಮುಖ್ಯ ನರ್ಸಾದೆ. ಬೆಳಿಗ್ಗೆ ಯಾರಿಗೆ ಯಾವ ಕೋಣೆ ಎಂದು ಹಂಚುವವಳು ನಾನು. ಮನೆಯಲ್ಲಿ ಅವರ ಊಟಕ್ಕೆ ಕಾಯುತ್ತಿದ್ದವಳು ವಾರ್ಡಿನಲ್ಲಿ ಅವರಿಗೆ ಊಟದ ಬಿಡುವು ಯಾವಾಗ ಎಂದು ಹೇಳಬೇಕಾಯಿತು.

ಒಂತಿವೆರೋಸ್ ಎಂಬ ಮುದುಕರು ಬಂದದ್ದು ಆಗಲೇ. ಜೀವಮಾನವಿಡೀ ಹತ್ತಿ ಗಿರಣಿಯಲ್ಲಿ ದುಡಿದವರು. ಅವರಿಗೆ ಸ್ಪ್ಯಾನಿಷ್ ಬಿಟ್ಟು ಬೇರೆ ಮಾತು ಬಾರದು. ಇವರಿಗೆ ಒಂದಿಷ್ಟು ಸ್ಪ್ಯಾನಿಷ್ ಬರುತ್ತಿತ್ತಾದ್ದರಿಂದ ಆ ಕೋಣೆಯನ್ನು ನಾನೇ ಇವರಿಗೆ ಕೊಟ್ಟೆ. ಹೊಟ್ಟೆಯ ಸ್ಕ್ಯಾನ್ ಆಗಿತ್ತು, ವರದಿಯನ್ನು ಇವರು ಓದಿದ್ದರು. ಡಾಕ್ಟರು ಮಧ್ಯಾಹ್ನ ಬಂದು ಹೇಳುವವರಿದ್ದರು. ಮಗಳು ಎಸ್ತೆಲಾ ಬೆಳಗಿನಿಂದ ಕಾರಿಡಾರಿನಲ್ಲಿ ಓಡಾಡುತ್ತಿದ್ದಳು. ಇವರನ್ನು ತಡೆದು, “ಅಪ್ಪನಿಗೆ ಏನಾಗಿದೆ? ನಿಮ್ಮ ಮುಖ ನೋಡಿದ್ರೆ ನಿಮಗೆ ಗೊತ್ತು ಅನ್ಸುತ್ತೆ,” ಎಂದು ಕೇಳಿದಳಂತೆ. ಇವರು ಕುರ್ಚಿ ಎಳೆದು ಅವಳನ್ನು ಕೂರಿಸಿ, ತಾವೂ ಕೂತು, ಎಲ್ಲವನ್ನೂ ಹೇಳಿಬಿಟ್ಟರು. ಕ್ಯಾನ್ಸರ್, ಈಗಾಗಲೇ ಯಕೃತ್ತಿಗೂ ಹರಡಿದೆ, ಶಸ್ತ್ರಚಿಕಿತ್ಸೆಯಿಂದ ಉಪಯೋಗವಿಲ್ಲ. ನಾನು ಹೋಗುವಷ್ಟರಲ್ಲಿ ಅವಳು ಇವರ ಕೈ ಹಿಡಿದು ಅಳುತ್ತಿದ್ದಳು. ಊರಿನಲ್ಲಿ ಇಂಥ ಸುದ್ದಿಯನ್ನು ಅವರು ಹೀಗೇ, ಪಕ್ಕದಲ್ಲಿ ಕೂತೇ ಹೇಳುತ್ತಿದ್ದರು. ಹೇಳಿದ ರೀತಿಯಲ್ಲಿ ಒಂದು ಕುಂದೂ ಇರಲಿಲ್ಲ. ಆದರೆ ಇಲ್ಲಿ ಅದು ಅವರು ಹೇಳುವ ಮಾತಲ್ಲ.

ಮುಖ್ಯ ನರ್ಸಾದ ನಾನು ಇದನ್ನು ಮೇಲಿನವರಿಗೆ ತಿಳಿಸಲೇಬೇಕಿತ್ತು. ಔಷಧದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ನಿಂತೆ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ತಿಳಿಸುತ್ತಿದ್ದೆನೇ? ಹೌದು. ಡಾರ್ಲೀನ್ ಬಳಿ ಹೋಗಿ ಹೇಳಿದೆ. ಡಾಕ್ಟರು ಕೂಗಾಡಿದ. ಇವರಿಗೆ ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟರು, ಮತ್ತೊಮ್ಮೆ ಹೀಗಾದರೆ ಕೆಲಸ ಇಲ್ಲ ಎಂದರು. ಸಂಜೆ ಕಾರಿನಲ್ಲಿ ಕೂತ ಮೇಲೆ ಇವರು ಕೀ ತಿರುಗಿಸಲಿಲ್ಲ.

“ನೀನು ಹೇಳ್ದೆ ಇರಬಹುದಿತ್ತು.”

“ಇರಬಹುದಿತ್ತು.”

“ನಿನ್ನ ಗಂಡ ನಾನು.”

“ಊರಲ್ಲಿ ನಿಮ್ಮ ರೋಗಿಗೆ ನಿಮಗಿಂತ ಮುಂಚೆ ನಾನು ಹೋಗಿ ಕ್ಯಾನ್ಸರ್ ಅಂತ ಹೇಳಿದ್ದಿದ್ರೆ, ಹೆಂಡ್ತಿ ಅಂತ ಸುಮ್ನೆ ಬಿಡ್ತಿದ್ರಾ?”

“ಬಿಡ್ತಿರ್ಲಿಲ್ಲ,” ಅಂದರು. “ಎಲ್ರ ಮುಂದೆ ಮಾನ ಕಳೀತಿದ್ದೆ. ರಿಯಾದಿಗೆ ಹೋಗ್ತೀನಿ ಅಂದಿದ್ದಕ್ಕೇ ಹಾಗೆ ಅಂದಿದ್ದೆನಲ್ಲ.”

ಅದು ಅವರಿಗೆ ನೆನಪಿದೆ ಎಂದು ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ. ನನ್ನ ಕೋಪ ಅರ್ಧ ಇಳಿಯಿತು, ಇನ್ನರ್ಧ ಇಳಿಯಲಿಲ್ಲ. “ಗಾಡಿ ತೆಗೀರಿ, ಅನ್ನ ಇಡ್ಬೇಕು,” ಅಂದೆ.

ಬೇಸಿಗೆಯ ಹೊತ್ತಿಗೆ ಒಂತಿವೆರೋಸ್ ಮತ್ತೆ ಬಂದರು, ಈ ಸಲ ಸಾಯಲಿಕ್ಕೆ. ಆ ಚೀನೀ ಮುಖದವನೇ ಬೇಕು ಎಂದು ಇವರನ್ನೇ ಕೇಳಿದರು; ನಾವು ಚೀನೀಯರಲ್ಲ ಎಂದು ಅವರಿಗೆ ಎಷ್ಟು ಹೇಳಿದರೂ ತಲೆಗೆ ಹೋಗಲಿಲ್ಲ. ನಾನು ಡಾರ್ಲೀನ್‌ಳನ್ನು ಕೇಳಿಯೇ ಆ ಕೋಣೆ ಕೊಟ್ಟೆ. ಇವರು ಮುದುಕರನ್ನು ಮಗ್ಗುಲು ತಿರುಗಿಸಿದರು, ತುಟಿಗೆ ನೀರು ಸವರಿದರು, ಗಡ್ಡ ಬೋಳಿಸಿದರು. ಎಸ್ತೆಲಾ ಕೇಳಿದಳು, “ಇನ್ನೆಷ್ಟು ದಿನ? ನೀವಾದ್ರೂ ಹೇಳಿ.” ಉತ್ತರ ಅವರಿಗೆ ಗೊತ್ತಿತ್ತು. “ಡಾಕ್ಟ್ರನ್ನ ಕರೆಸ್ತೀನಿ, ಅವರು ಹೇಳ್ತಾರೆ. ಬರೋವರೆಗೂ ನಾನು ನಿಮ್ಮ ಜೊತೆ ಕೂತಿರ್ತೀನಿ,” ಅಂದರು. ಕೂತರು ಕೂಡ. ಆ ದಿನ ಮನೆಗೆ ಬಂದು ಶೂ ಬಿಚ್ಚುತ್ತಾ ನನಗೆ ಹೇಳಿದರು: “ಇವತ್ತು ನಾನು ನಿಜವಾಗ್ಲೂ ನರ್ಸಾದೆ ಕಣೆ. ಇದು ಸುಲಭದ ಕೆಲ್ಸ ಅಲ್ಲ.” ಮೆಚ್ಚಿಕೆಯೋ ದೂರೋ, ನಾನು ಕೇಳಲಿಲ್ಲ.

ಹಾಗೆ ವರ್ಷಗಳು ಹೋದವು. ನಾನಾಯ್ ತೀರಿಕೊಂಡ ಸುದ್ದಿ ಬಂದಾಗ ಇಬ್ಬರೂ ಊರಿಗೆ ಹೋದೆವು. ಸತ್ತವರಿಗಾಗಿ ಒಂಬತ್ತು ದಿನ ನಡೆಯುವ ಪ್ರಾರ್ಥನೆಗೆ ಬಂದವರೆಲ್ಲ ಜಪಮಾಲೆ ಕೆಳಗಿಟ್ಟ ಕೂಡಲೇ ಇವರ ಮುಂದೆ ತೋಳು ಚಾಚುತ್ತಿದ್ದರು. ಒಬ್ಬರಿಗೆ ರಕ್ತದೊತ್ತಡ, ಇನ್ನೊಬ್ಬರಿಗೆ ಕೆಮ್ಮು. ನಮ್ಮ ಆಸ್ಪತ್ರೆಯಲ್ಲಿ ಆಗ ಇದ್ದದ್ದು ಒಬ್ಬಳೇ ಡಾಕ್ಟರು, ಚಿಕ್ಕ ಹುಡುಗಿ, ಹೆಸರು ಲೂರ್ದೆಸ್. ಅವಳೂ ಒಂದು ಸಂಜೆ ಬಂದಳು, ಆದರೆ ಪ್ರಾರ್ಥನೆಗಲ್ಲ.

“ದೋಕ್, ನಾನು ಎರಡು ವರ್ಷದಿಂದ ಒಂದು ದಿನಾನೂ ರಜಾ ತಗೊಂಡಿಲ್ಲ. ನೀವು ವಾಪಸ್ ಬರ್ತೀರಂತೆ ಅಂತ ಊರಲ್ಲಿ ಹೇಳ್ತಿದಾರೆ. ನಿಜಾನಾ, ಸುಳ್ಳಾ? ಸುಳ್ಳಾದ್ರೆ ಈಗ್ಲೇ ಹೇಳಿಬಿಡಿ, ನಾನು ನನ್ನ ದಾರಿ ನೋಡ್ಕೋತೀನಿ.”

“ಯಾರು ಹೇಳಿದ್ದು?”

“ಎಲ್ರೂ.”

ಅವಳು ಹೋದ ಮೇಲೆ ಇವರು ನನ್ನ ಕಡೆ ನೋಡಿದರು. ಆ ನೋಟದಲ್ಲೇ ಅವರು ಆಗಲೇ ತೀರ್ಮಾನ ಮಾಡಿದ್ದಾರೆ, ನನ್ನ ಒಪ್ಪಿಗೆಗೆ ಕಾಯುತ್ತಿದ್ದಾರೆ ಎಂದು ತಿಳಿಯಿತು.

“ನೀನೂ ಬಾ,” ಅಂದರು.

ನಾನು ಯೋಚಿಸಿಯೇ ಹೇಳಿದೆ. “ನಾನು ಬರಲ್ಲ. ಅಲ್ಲಿ ನನ್ನ ವಾರ್ಡಿದೆ. ಹೊಸ ಹುಡುಗೀರು ಮನಿಲಾದಿಂದ ಬಂದು ಇಳಿದ್ರೆ ಮೊದ್ಲು ನನ್ನನ್ನೇ ಹುಡುಕ್ತಾರೆ. ಇಲ್ಲಿಗೆ ಬಂದ್ರೆ ನಾನು ಮತ್ತೆ ದೋಕ್ ಹೆಂಡ್ತಿ. ಅಲ್ಲಿ ನಾನು ಬರೀ ಪಿನಿಂಗ್. ನನಗೆ ಅದು ಇಷ್ಟ.”

“ನನ್ನ ಮೇಲೆ ಸಿಟ್ಟಾ?”

“ಇಲ್ಲ. ನೀವು ಬಂದುಬಿಡಿ. ಇಲ್ದಿದ್ರೆ ಜೀವಮಾನ ಪೂರ್ತಿ ನನ್ನ ಅಡುಗೆಮನೇಲಿ ಮುಖ ಊದಿಸ್ಕೊಂಡು ಕೂತಿರ್ತೀರಿ.”

ಅವರು ಬಹಳ ಹೊತ್ತು ಅತ್ತರು. ನಾನೂ ಅತ್ತೆ. ನಾದಿನಿ ಒಳಗಿನಿಂದ ಬಂದು, ನಾನಾಯ್‌ಗಾಗಿ ಅಳುತ್ತಿದ್ದೇವೆಂದುಕೊಂಡು, ತಾನೂ ಸೇರಿಕೊಂಡಳು.

ಈಗ ಅವರು ಅಲ್ಲಿ, ನಾನು ಇಲ್ಲಿ. ಅವರು ಹೋದದ್ದರಿಂದ ಊರಿನ ಆಸ್ಪತ್ರೆ ಬದಲಾಗಿಬಿಟ್ಟಿತು ಎಂದೇನಿಲ್ಲ. ರಕ್ತದ ಬ್ಯಾಂಕು ಈಗಲೂ ಪ್ರಾಂತ್ಯದ ರಾಜಧಾನಿಯಲ್ಲೇ ಇದೆ. ಕಳೆದ ತಿಂಗಳು ಒಂದು ಮಗು ಉಳಿಯಲಿಲ್ಲ, ಫೋನಿನಲ್ಲಿ ಅದನ್ನು ನನಗೆ ಎರಡು ಸಲ ಹೇಳಿದರು. ಆದರೆ ಲೂರ್ದೆಸ್‌ಗೆ ವಾರಕ್ಕೊಂದು ದಿನ ರಜೆ ಸಿಗುತ್ತಿದೆ, ಅವಳು ಊರು ಬಿಡುವ ಮಾತು ಎತ್ತಿಲ್ಲ. ನನ್ನ ಒಂದು ಮಂಡಿ ಕೈಕೊಡುತ್ತಿದೆ. ಮನೆಯಲ್ಲಿ ಒಬ್ಬಳೇ ಇರುವುದು ಭಾನುವಾರಗಳಲ್ಲಿ ಮಾತ್ರ ಕಷ್ಟ. ಉಳಿದ ದಿನ ಗೊತ್ತಾಗುವುದಿಲ್ಲ. ನಾವು ಬೇರೆಯಾಗಿದ್ದೇವೆಂದು ಇಲ್ಲಿಯ ಹುಡುಗಿಯರು ಪಿಸುಗುಡುತ್ತಾರೆ. ಇರಲಿ ಬಿಡಿ.

ಕ್ರಿಸ್ಮಸ್ಸಿಗೆ ಅವರು ಬರುತ್ತಾರೆ. ಹಂದಿಮಾಂಸದ ಸಾಸೇಜು ತರಬೇಡಿ ಎಂದು ಪ್ರತಿಸಲವೂ ಹೇಳುತ್ತೇನೆ. ಹೋದ ವರ್ಷ ವಿಮಾನ ನಿಲ್ದಾಣದಲ್ಲಿ ಮಾಂಸ ತರುವಂತಿಲ್ಲವೆಂದು ಅದನ್ನು ಕಿತ್ತುಕೊಂಡು ಕಸಕ್ಕೆ ಹಾಕಿದಾಗ, ಅಧಿಕಾರಿಯ ಜೊತೆ ವಾದಕ್ಕಿಳಿದು ಒಂದು ಗಂಟೆ ತಡಮಾಡಿ ಹೊರಗೆ ಬಂದರು. ನಾನು ಆಚೆ ಕಾಯುತ್ತಾ ನಿಂತಿದ್ದೆ. ಮೊನ್ನೆಯೂ ಹೇಳಿದೆ. “ಸರಿ, ತರಲ್ಲ,” ಅಂದರು. ತರುತ್ತಾರೆ. ನಾನು ಒಂದು ಗಂಟೆ ತಡವಾಗಿಯೇ ಹೊರಡುತ್ತೇನೆ.